ನಾಲಬಂದ

ಮಡಗಾಂವಿನಿಂದ ಲೋಟ್ಲಿಗೆ ಹೋಗೋ ಹಾದ್ಯಾಗ ಒಂದು ಸಣ್ಣ ಇಗರ್ಜಿ.
ಕಟಗಿ ಕುದರಿ ಮ್ಯಾಲ ಕಟಗಿ ಸಂತ,
ಗೊರಸಿನ ಕೆಳಗ ರುಮಾಲಿನಾಂವ ಒಬ್ಬ.
ಸಂತಗ ಏನೂ ಆಗಿದ್ದಿಲ್ಲ.
ರುಮಾಲಿನವನ ಅರ್ಧ ಮಾರಿ ಗೆದ್ದಲ ತಿಂದಿತ್ತು.

‘ಮಾರಿ ಹೊಸದು ಮಾಡು ದಸ್ತಗೀರ,
ಇಪ್ಪತ್ತೈದಕ್ಕ ಹಬ್ಬ’ ಅಂದ್ರು ಪಾದ್ರಿ ಎಲಿಯುತೆರ್.
‘ಯಾರ್ರೀ ಇಂವ?’
‘ಮೂರ್.’
‘ಮೂರ್ ಅಂದ್ರ?’
‘ನಿಮ್ಮಾಂವ’ ಅಂದವರು, ಕಿವಿ ಕೆರಕೊಂಡು,
‘ಅಂದ್ರ, ಭಾಳ ಹಿಂದಿನಾಂವ’ ಅಂದ್ರು.

ಚಾ ಕುಡೀತ ಕತಿ ಹೇಳಿದ್ರು:
ಸ್ಪೇನದಾಗ ಸಾವಿರ ವರ್ಷದ ಹಿಂದ
ದಂಡಿಗೆ ದಂಡು ಬಿದ್ದಾಗ
ಮುಗಲು ಹರಕೊಂಡು ಬಿಳಿ ಕುದರಿ ಇಳೀತಂತ.
ಹಡಗ ಹೊಯ್ದಾಡಬಾರದಂತ ತಳಕ್ಕ ಕಲ್ಲ ತುಂಬತಾರಲ್ಲ,
ಹಂಗ ಆ ಜಗಳಾನೂ ತುಂಬಿಕೊಂಡು ಬಂದಿರಬೇಕು.
ಪಿಟೀಲು, ದ್ರಾಕ್ಷಿ ಸೆರೆ, ನೀಲಿ ಹಂಚು ಮ್ಯಾಲ;
ಕಲ್ಲು ತಳಕ್ಕ.
ಅಟ್ಟದ ಮ್ಯಾಲ ಹುಡುಗೂರು ಹಬ್ಬಕ್ಕಂತ ಪಿಟೀಲು ತಿಕ್ಕತಿದ್ರು
ಒಂದ ಸಾಲು, ಮತ್ತ ಮತ್ತ,
ತಪ್ಪಿದಲ್ಲೇ ತಪ್ಪಿ.

ಬಣ್ಣ ಕೆರದೆ. ಐದು ಪದರ.
ನೆತ್ತಿ ಮ್ಯಾಲ ಮಾತ್ರ ಒಂದೂ ಇಲ್ಲ, ಕಟಗಿ ನುಣ್ಣಗ.
ಒಳಗ ಹಲಸು, ಅರಿಸಿಣದ ಹಂಗ.
ಕೆತ್ತಿದಾಂವ ಇಲ್ಲಿಯಾಂವ, ಸ್ಪೇನ ಎಲ್ಲಿ ಕಂಡಿದ್ದ?
ರುಮಾಲು ನಮ್ಮ ಇಂಡಿ ಕಡೆ ಸುತ್ತಿಗಿ.
ಉಳದ ಒಂದು ಕಣ್ಣು ಅಂಜಿದ್ದಿಲ್ಲ,
ಗೊರಸಿನ ಅಡಿ ನೋಡತಿತ್ತು.
ಎತ್ತಿದ ಮುಷ್ಟ್ಯಾಗ ಒಂದು ತೂತು.
‘ಕತ್ತಿ ಇತ್ತು’ ಅಂದ ಗಂಟಿ ಬಾರಿಸೋ ಬೊನಿಫಾಸ.
ಕತ್ತಿಗೆ ಅಷ್ಟ ಸಣ್ಣ ತೂತ ಯಾಕ?

ನಮ್ಮಪ್ಪ ನಾಲಬಂದ.
ಸಂತ್ಯಾಗ ಎತ್ತ ಕೆಡವಿ, ಕಾಲ ಕಟ್ಟಿ,
ಬಾಯಾಗ ನಾಲ್ಕು ಮೊಳಿ ಹಿಡದು
ಗೊರಸ ನೋಡಾಂವ, ಹಿಂಗ, ಕೆಳಗಿಂದ,
ಒಂದ ಕಣ್ಣು ಸಣ್ಣ ಮಾಡಿ.
ಒದಿಸಿಕೊಂಡಾನ, ಹಲ್ಲು ಕಳಕೊಂಡಾನ.
ಯಾರೂ ಅವನ್ನ ಸೋತಾಂವ ಅಂದಿಲ್ಲ.

ಮಾರಿ ಮಾಡಿದೆ. ಯಾರದಂತ ಪಾದ್ರಿ ಕೇಳಲಿಲ್ಲ.
‘ಸ್ವಲ್ಪ ಅಂಜಿಕಿ ಬೇಕಿತ್ತು’ ಅಂದು ಅರ್ಧ ರೊಕ್ಕ ಎಣಿಸಿದ್ರು.
ಮುಷ್ಟ್ಯಾಗ ಏನೂ ಇಡಲಿಲ್ಲ ನಾ.
ತೂತು ಸ್ವಚ್ಛ ಮಾಡಿ ಬಿಟ್ಟೆ,
ಮೊಳಿ ಹಿಡಿಯೂವಷ್ಟು.

ಹಬ್ಬದ ದಿನ ಬಾಕಿ ಕೇಳಾಕ ಹೋದೆ. ಜಡಿ ಮಳಿ.
ಮುದುಕ್ಯಾರು ಸಂತನ ಪಾದಕ್ಕ ಕೈ ಚಾಚತಿದ್ರು, ಎಟಕವಲ್ದು.
ಎಟಕಿದ ರುಮಾಲು ಮುಟ್ಟಿ
ಎದಿಗೆ ಹಚ್ಚಿಕೊಂಡು ಹೋಗತಿದ್ರು.
ಬೊನಿಫಾಸ ಬಂದು ಕೇಳಿದ:
‘ನಿನ್ನ ಬಣ್ಣ ಎಷ್ಟ ವರ್ಷ ಬರತೈತಿ?’
ನೆತ್ತಿ ಮ್ಯಾಲಿಂದು ಹೇಳಾಕ ಬರೂದಿಲ್ಲ ಅಂದೆ.