ಕೊಯ್ಯದೆ

ಡಂಡೀ, ನವೆಂಬರ್. ಮಧ್ಯಾಹ್ನ ನಾಲ್ಕಕ್ಕೇ ಕತ್ತಲು.
ನೆಲಮಾಳಿಗೆಯ ಕೋಣೆಯಲ್ಲಿ ನಾನು, ಸೂಕ್ಷ್ಮದರ್ಶಕ,
ಮತ್ತು ಗಾಜಿನ ಕುಪ್ಪಿಯಲ್ಲಿ ಆಕೆ.
ಆಕೆ ಎಂದರೆ ಹುಣಸೆಬೀಜದಷ್ಟು:
ಮೂಗಿನ ಮೇಲೆ, ಜರಡಿಯಂಥ ಮೂಳೆಯ ಆಚೆ
ಎಂಬತ್ತೆಂಟು ವರ್ಷ ಕೂತು
ಬಂದ ವಾಸನೆಗಳನ್ನೆಲ್ಲ ಒಳಗೆ ಬಿಟ್ಟ ಒಂದು ಗಡ್ಡೆ.

ಹೆಸರಿಲ್ಲ. ನಂಬರು, ವಯಸ್ಸು, ಕೊನೆಗೊಂದು ಸಾಲು:
ಕಸುಬು, ಸೆಣಬಿನ ಗಿರಣಿಯಲ್ಲಿ ನೂಲುವುದು.

ಮೂರು ವಾರ ತೊಳೆದಿದ್ದೇನೆ. ಜಿಡ್ಡೆಲ್ಲ ಹೋಗಬೇಕು,
ಬೆಳಕನ್ನು ಚದುರಿಸುವುದೇ ಅದು.
ಕಡೆಯ ಸ್ನಾನದ ದ್ರವಕ್ಕೆ ಚಕ್ಕೆಯ ವಾಸನೆ,
ಅಪ್ಪಟ ಚಕ್ಕೆ, ಪಲಾವಿನ ಪಾತ್ರೆಯ ಮುಚ್ಚಳ ತೆಗೆದ ಹಾಗೆ.
ಅದರಲ್ಲಿ ಮುಳುಗಿ ಗಡ್ಡೆ ಮೆಲ್ಲಗೆ ಕಾಣದಾಯಿತು.
ಮೂಸುವುದಕ್ಕೇ ಹುಟ್ಟಿದ್ದು,
ಕುತ್ತಿಗೆಯವರೆಗೆ ವಾಸನೆ, ಸುಮ್ಮನಿದೆ.

ಆಲಿಸ್ಟರ್ ಬಂದ. ನಿವೃತ್ತನಾಗಿ ಆರು ವರ್ಷ,
ಇಲ್ಲೇ ಮೂವತ್ತು ವರ್ಷ ಮಿದುಳು ಕೊಯ್ದವನು:
ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಸೀಳಿ,
ಗಾಜಿನ ಮೇಲೆ ಹಪ್ಪಳದಂತೆ ಹರವಿ.
ಒಂದು ಬಿಲ್ಲೆ ಹರಿದರೆ ಆ ದಾರಿಯೇ ಹೋಯಿತು, ಎನ್ನುತ್ತಿದ್ದ.
ಈಗ ಕೈ ಜೇಬಿನಲ್ಲಿ. "ಕೊಯ್ಯುವುದೇ ಇಲ್ಲವೆ?"

ಇಲ್ಲ. ಬೆಳಕಿನದೊಂದು ಹಾಳೆ ಬದಿಯಿಂದ ನುಗ್ಗುತ್ತದೆ,
ಒಂದೊಂದೇ ಪದರ ಹಸಿರಾಗಿ ಹೊಳೆದು ಆರುತ್ತದೆ.
ಪರದೆಯ ಮೇಲೆ ಇಡಿಯ ಗಡ್ಡೆಯನ್ನು ತಿರುಗಿಸಿ ತೋರಿಸಿದೆ:
ಜರಡಿಯ ಬಳಿ ಕಿತ್ತುಬಂದ ಎಳೆಗಳ ತುದಿ,
ಎಳೆ ಕೂಡಿದಲ್ಲಿ ಗಂಟು, ಗಂಟಿನಾಚೆ ಮತ್ತೆ ಎಳೆ,
ವಯಸ್ಸಿಗೆ ಗಂಟು ಉದುರಿದ ಖಾಲಿ ಜಾಗ.

ಅವನು ಕನ್ನಡಕ ಏರಿಸಿ ಬಗ್ಗಿದ.
"ನೂಲು" ಎಂದ. ಅಷ್ಟೇ.

ಎಷ್ಟೋ ಹೊತ್ತಿನ ಮೇಲೆ: ಅವನ ಅಮ್ಮನೂ ಗಿರಣಿಯವಳೇ.
ಸೆಣಬು ಮೆದುವಾಗಲು ತಿಮಿಂಗಿಲದ ಎಣ್ಣೆ,
ಎಷ್ಟು ಉಜ್ಜಿದರೂ ಕೂದಲು ಬಿಡದು,
ಶನಿವಾರದ ಕುಣಿತಕ್ಕೂ ಜೊತೆಗೇ ಬರುವುದು.
ಟ್ರಾಮಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಿದ್ದರಂತೆ.
"ಅಮ್ಮನಿಗೆ ಆ ನಾತ ಬರುತ್ತಲೇ ಇರಲಿಲ್ಲ.
ಎದ್ದು ಹೋದವರನ್ನು ನೋಡಿ ತಿಳಿದುಕೊಳ್ಳುತ್ತಿದ್ದಳು."
ಪರದೆಗೆ ಬೆರಳಿಟ್ಟ: "ಇದರಲ್ಲೆಲ್ಲಿದೆ ಆ ಎಣ್ಣೆ?"

ಗಂಟುಗಳನ್ನು ಎಣಿಸಬಲ್ಲೆ,
ಒಂದು ಎಳೆಯನ್ನು ತುದಿಯಿಂದ ಬುಡದವರೆಗೆ ಹಿಡಿದು ಹೋಗಬಲ್ಲೆ.
ಎಣ್ಣೆ ಸಿಗುವುದಿಲ್ಲ.
ಗೋಣಿಯ ವಾಸನೆ ನನಗೂ ಗೊತ್ತು,
ತಿಪಟೂರಿನ ರೇಷನ್ ಅಂಗಡಿ, ಸಕ್ಕರೆಯ ಮೂಟೆ, ಸೀಮೆಎಣ್ಣೆ.
ಅವನು ಹೋದ ಮೇಲೆ ಅದನ್ನೂ ಹುಡುಕಿದೆ.

ಆರಕ್ಕೆ ಫೈಲು ಉಳಿಸಿ, ಟೇ ನದಿಯ ಗಾಳಿಗೆ
ಕೋಟು ಬಿಗಿದುಕೊಂಡು ಬಸ್ಸು ಹತ್ತಿದೆ.
ಪಕ್ಕದ ಸೀಟಿನ ಅಜ್ಜಿ ಮೂಗರಳಿಸಿ
ಇಷ್ಟು ಹತ್ತಿರ ಸರಿದಳು:
"ಏನು ಬೇಯಿಸಿದೆ ಮಗಳೆ, ಇವತ್ತು?"

ಕೋಟಿನ ತೋಳು ಮೂಸಿದೆ. ನನಗೇನೂ ಬರಲಿಲ್ಲ.
"ಬನ್ನು" ಎಂದೆ.