ಸೂಜಿ ರಿಜಿಸ್ಟರು

ನಮ್ಮ ಮಾಚೇನಹಳ್ಳಿ ಗಾರ್ಮೆಂಟಿನಲ್ಲಿ ಒಂದು ಕಾನೂನು:
ಸೂಜಿ ಮುರಿದರೆ ಅದರ ಚೂರೆಲ್ಲ ಸಿಗಬೇಕು.
ಮೊನೆ, ನಡು, ಕಣ್ಣು.
ಹಾಳೆಯ ಮೇಲೆ ಸಾಲಾಗಿಟ್ಟು ಟೇಪು ಅಂಟಿಸಿ
ಹೊತ್ತು ಬರೆದು ಸಹಿ ಹಾಕಿಸಿದ ಮೇಲೇ
ಹೊಸ ಸೂಜಿ.
ಹದಿಮೂರು ವರ್ಷದಿಂದ ಏಳನೇ ಲೈನಿನ ಆ ಪುಸ್ತಕ ನನ್ನದು.

ಒಂದು ಚೂರು ಕಾಣೆಯಾದರೂ ಮಿಷನ್ನು ನಿಲ್ಲುತ್ತದೆ.
ಅಂಗಿಗಳನ್ನೆಲ್ಲ ಕೊಡವಿ, ಅಯಸ್ಕಾಂತ ಎಳೆದು,
ಮೂಗು ನೆಲಕ್ಕೆ ತಾಗುವಂತೆ ಬಗ್ಗಿ ಹುಡುಕುತ್ತೇವೆ.
ಯಾವುದೋ ದೇಶದ ಯಾವುದೋ ಮಗುವಿನ ಕುತ್ತಿಗೆಗೆ
ನಮ್ಮ ಕಾಲರು ಚುಚ್ಚಬಾರದಲ್ಲ.
ಆ ಹೊತ್ತು ಟಾರ್ಗೆಟ್ಟಿಗೆ ಸೇರುವುದಿಲ್ಲ.
ಇದನ್ನು ನೆನಪಿಡಿ.

ಹಾಲಮ್ಮನಿಗೆ ಬಿಳಿ ಹೋಗುತ್ತಿತ್ತು.
ಉಷ್ಣ ಅಂದೆವು. ಕೂತು ಕೂತು ಅಂದೆವು.
ಜೀರಿಗೆ ಕಷಾಯ, ನೆನೆಸಿದ ಮೆಂತ್ಯ, ಎಳನೀರು;
ಹೊಳೆಹೊನ್ನೂರಿನ ಬಸ್ಸಿನಲ್ಲಿ ಸೀಟಿಗೊಂದು ಔಷಧಿ.
ಸೊಂಟ ಹಿಡಿದುಕೊಂಡೇ ಗಂಟೆಗೆ ಅರವತ್ತು ಕಾಲರು ಹೊಲಿದಳು.
ಮೆಗ್ಗಾನಿಗೆ ಹೋದಾಗ ಡಾಕ್ಟರು ಕೇಳಿದ್ದು ಒಂದೇ ಮಾತು:
"ಇಷ್ಟು ದಿನ ಎಲ್ಲಿದ್ರಿ?"
ಇಲ್ಲೇ ಇದ್ದಳು ಸಾರ್.
ಏಳನೇ ಲೈನು, ನಾಲ್ಕನೇ ಮಿಷನ್ನು.
ಬೇಕಾದರೆ ಹಾಜರಿ ತೆಗೆದು ನೋಡಿ.

ಈ ಶ್ರಾವಣದಲ್ಲಿ ಕ್ಯಾಂಟೀನಿನ ಹಿಂದೆ
ಅಕ್ಕಿಮೂಟೆ ಸರಿಸಿ ಹಸಿರು ಪರದೆ ಕಟ್ಟಿದರು.
ಫ್ಲೇವಿಯಾ ಸಿಸ್ಟರ್ ಬಂದರು, ರಟ್ಟಿನ ಡಬ್ಬಿ ತುಂಬ ಕಡ್ಡಿ,
ತುದಿಗೆ ಬೆಕ್ಕಿನ ಮೀಸೆಯಷ್ಟು ಬ್ರಷ್ಷು.
"ನೀವೇ ತಗೊಳ್ಳಿ, ಯಾರೂ ನೋಡಲ್ಲ.
ಒಂದು ವೈರಸ್ಸು ಇದು. ಎಷ್ಟೋ ಜನಕ್ಕೆ ಬಂದು ಹೋಗತ್ತೆ.
ಒಬ್ಬಿಬ್ಬರಲ್ಲಿ ಮಾತ್ರ ಹೋಗದೆ ಕೂತುಬಿಡತ್ತೆ,
ಹತ್ತು ವರ್ಷ, ಹದಿನೈದು ವರ್ಷ, ಉಸಿರೆತ್ತದೆ.
ಅಷ್ಟರೊಳಗೆ ಹಿಡಿದರೆ ಕ್ಯಾನ್ಸರ್ ಆಗೋಕೆ ಬಿಡಲ್ಲ ನಾವು."

ಮಿಷನ್ನಿನ ಸದ್ದಿನ ಅಡಿಯಲ್ಲಿ ಪಿಸುಮಾತು ಹೊರಟಿತು.
ಮುಟ್ಟಾಗಿದೀನಿ ಅಂದಳೊಬ್ಬಳು, ನಿಂತೇ ಹೋಗಿದೆ ಅಂದಳೊಬ್ಬಳು.
ಯಾರಿಂದ ಬಂತು ಅಂತ ಮನೇಲಿ ಕೇಳಿದರೆ?
ಲಾರಿ ಡ್ರೈವರನ ಹೆಂಡತಿ ಗುತ್ಯಮ್ಮ ಕೇಳಿದ್ದು ಬೇರೆ:
"ಕಾಗದ ಮ್ಯಾನೇಜರ್ ಕೈಗೆ ಹೋಗತ್ತಾ?"
"ಹೆಸರೇ ಇಲ್ಲ, ನಂಬರು. ನಂಬರಿನ ಚೀಟಿ ನಿಮ್ಮ ಸೆರಗಲ್ಲಿ."
"ಹಂಗಾದ್ರೆ ಟಾರ್ಗೆಟ್ಟು?"
ಸಿಸ್ಟರ್ ಹತ್ತಿರ ಅದಕ್ಕೆ ಉತ್ತರವಿರಲಿಲ್ಲ.

ನನ್ನ ಹತ್ತಿರ ಇತ್ತು.

ಆ ದಿನ ಏಳನೇ ಲೈನಿನಲ್ಲಿ ಇಪ್ಪತ್ತಾರು ಸೂಜಿ ಮುರಿದವು.
ಹಳೇ ಚೂರುಗಳು ಬೆಂಕಿಪೊಟ್ಟಣದಲ್ಲಿದ್ದವು, ಅಂಟಿಸಿದೆ.
ಒಂಬತ್ತೂ ಇಪ್ಪತ್ತು, ಒಂಬತ್ತೂ ಮುವ್ವತ್ತೈದು,
ಹತ್ತಕ್ಕೆ ಹತ್ತು ನಿಮಿಷ.
ಒಬ್ಬೊಬ್ಬಳೇ ಎದ್ದು ಹಸಿರು ಪರದೆಯತ್ತ ಹೋದಳು.
ಸೂಪರ್‌ವೈಸರ್ ಪುಟ ತಿರುವಿದ,
"ಏನಮ್ಮ, ಲೋಡು ಕೆಟ್ಟದಾ?"
"ಹೂಂ ಸಾರ್, ಕಬ್ಬಿಣ ಸರಿಯಿಲ್ಲ."

ಸುಳ್ಳು ಬರೆದೆ. ಹದಿಮೂರು ವರ್ಷದಲ್ಲಿ ಮೊದಲ ಸಲ.
ಆದರೂ ಹುಡುಕಿದ್ದಂತೂ ಸುಳ್ಳಲ್ಲ.

ಮೂರು ವಾರಕ್ಕೆ ಅಂಟಿಸಿದ ಲಕೋಟೆಗಳು ಬಂದವು.
ಗುತ್ಯಮ್ಮ ತನ್ನದನ್ನು ಟಿಫಿನ್ ಬಾಕ್ಸಿನ ಕೆಳಗಿಟ್ಟು
ಎರಡು ದಿನ ಹೊತ್ತು ತಿರುಗಿದಳು.
ವೈರಸ್ಸು ಕೂತಿತ್ತು. ಒಂದು ಮಚ್ಚೆ ಎದ್ದಿತ್ತು, ಅಷ್ಟೆ.
ಮೆಗ್ಗಾನಿನಲ್ಲಿ ಬಿಸಿ ಮುಟ್ಟಿಸಿ ಸುಟ್ಟರಂತೆ,
"ರೊಟ್ಟಿ ಹಂಚು ತಾಗಿದಷ್ಟೂ ಇಲ್ಲ ಅಕ್ಕ,"
ಎದುರಿನ ಹೋಟೆಲ್ಲಿನಲ್ಲಿ ಇಡ್ಲಿ ತಿಂದು ಬಂದಳಂತೆ.
ಅರ್ಧ ದಿನದ ಕೂಲಿ ಮುರಿದರು. ಅದರ ಜಗಳ ಇನ್ನೂ ಇದೆ.

ದೀಪಾವಳಿ ಕಳೆದು ಸಿಸ್ಟರ್ ಮತ್ತೆ ಬಂದ ದಿನ
ಗುತ್ಯಮ್ಮ ನನ್ನ ಮೇಜಿನ ಮುಂದೆ ನಿಂತಳು.
"ಎಲ್ಲರದೂ ಮುರೀತು. ನಿನ್ನ ಸೂಜಿ ಯಾವಾಗ ಮುರಿಯೋದು ಅಕ್ಕಾ?"
ನನಗೇನಾಗಿದೆ ಅಂದೆ.
ಪುಸ್ತಕ ಯಾರು ನೋಡಿಕೊಳ್ಳೋದು ಅಂದೆ.
ಕೈಯಿಂದ ಪೆನ್ನು ಕಿತ್ತುಕೊಂಡು ನನ್ನ ಸ್ಟೂಲಿನಲ್ಲಿ ಕೂತಳು.

ವಾಪಸು ಬಂದು ನೋಡಿದರೆ
ಸೊಟ್ಟ ಅಕ್ಷರದಲ್ಲಿ ಒಂದು ಸಾಲು:
ಮೂರೂ ಹತ್ತು. ಲೈನು ಏಳು.
ಚೂರು ಅಂಟಿಸುವ ಜಾಗ ಖಾಲಿ,
ಪಕ್ಕದಲ್ಲಿ:
ಹುಡುಕ್ತಾ ಇದಾರೆ.