ಸಾವಿರ ಸೋಮವಾರ

ಮೂರು ವಾರ ನಯಾಜ್ ನಮ್ಮ ಎಮರ್ಜೆನ್ಸಿ ಬಾಗಿಲಲ್ಲಿ ಕೂತಿದ್ದ.
ಪ್ಲಾಸ್ಟಿಕ್ ಕುರ್ಚಿ, ತೊಡೆಯ ಮೇಲೆ ರಟ್ಟು, ಕೈಯಲ್ಲಿ ಗಡಿಯಾರ.
ಯಾರು ಎಷ್ಟಕ್ಕೆ ಬಂದರು, ಚೀಟಿ ಎಷ್ಟಕ್ಕಾಯಿತು,
ಡಾಕ್ಟರ ಕೈ ಮೊದಲು ಮುಟ್ಟಿದ್ದು ಎಷ್ಟಕ್ಕೆ,
ಎಲ್ಲ ಬರೆದುಕೊಂಡ.
ಮುಳಬಾಗಿಲಿನ ಹುಡುಗ. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ
ಹುರುಳಿ ಬಸ್ಸಾರು; ನನಗೂ ಒಂದು ಮುಚ್ಚಳ.

ನರಸಾಪುರದ ರಾತ್ರಿಪಾಳಿ ಬಸ್ಸು,
ಹೆದ್ದಾರಿಯಲ್ಲಿ ಮಗುಚಿದ ಟೊಮೇಟೊ ಲಾರಿ,
ಶ್ರೀನಿವಾಸಪುರದ ಮಾವಿನ ಮರದಿಂದ ಜಾರಿದ ಸೊಂಟ,
ಚಾಂಪಿಯನ್ ರೀಫಿನ ಮುದುಕರ ಎದೆಯಲ್ಲಿ
ಇನ್ನೂ ಡ್ಯೂಟಿ ಮುಗಿಸದ ಗಣಿಧೂಳು
ಎಲ್ಲ ಅವನ ಪರದೆಯ ಮೇಲೆ ಚುಕ್ಕೆಗಳಾದವು.
ಕೆಂಪು, ಹಳದಿ, ಹಸಿರು.
ಬಾಗಿಲು ಒಂದು ಗೆರೆ. ಹಾಸಿಗೆ ಒಂದು ಚೌಕ.
ನಾನೊಂದು ತ್ರಿಕೋನ.
ಇಷ್ಟು ಸಣ್ಣಗೆ ನಾನು ಮದುವೆಯಲ್ಲೂ ಇರಲಿಲ್ಲ ಅಂದೆ.

ಗುಂಡಿ ಒತ್ತಿದ. ಕೋಲಾರದ ಸೋಮವಾರ ಓಡತೊಡಗಿತು.
ನಾನು ಟೀ ಊದಿ ಒಂದು ಗುಟುಕು ನುಂಗುವಷ್ಟರಲ್ಲಿ
ಹನ್ನೊಂದು ಸೋಮವಾರ ಮುಗಿದಿದ್ದವು.
ಒಂದರಲ್ಲೂ ಯಾರ ಕಾಲೂ ನೋಯಲಿಲ್ಲ,
ಯಾರೂ ಪುಢಾರಿಗೆ ಫೋನು ಮಾಡಿ ನನ್ನ ಕಿವಿಗಿಡಲಿಲ್ಲ.

ಒಬ್ಬರ ಜೊತೆ ಏಳು ಜನ ಬರ್ತಾರಲ್ಲ, ಅವರೆಲ್ಲಿ?
ಲೆಕ್ಕದಲ್ಲಿಲ್ಲ ಸಿಸ್ಟರ್.
ಬಾಗಿಲು ಕಟ್ಟೋದೇ ಅವರು ಕಣಪ್ಪ!
ಮಾರನೇ ದಿನ ಚುಕ್ಕೆಗಳಿಗೆಲ್ಲ ಬಾಲ ಬಂದಿತ್ತು.
ಸ್ಟ್ರೆಚರ್ ತಳ್ಳುವ ಗಂಗುಲಪ್ಪ
ಒಂಬತ್ತೂವರೆಗೆ ಬೀಡಿಗೆ ಹೋಗುತ್ತಾನೆ ಅಂದೆ.
ಬೀಡಿಗೂ ಒಂದು ಸರಾಸರಿ ಸಿಕ್ಕಿತು:
ಏಳು ನಿಮಿಷ, ಏರಿಳಿತ ಎರಡು.

ಸಾವಿರ ಸೋಮವಾರ ಓಡಿಸಿದ ಮೇಲೆ
ಸೂಪರಿಂಟೆಂಡೆಂಟರ ಕೋಣೆಯಲ್ಲಿ ಯಂತ್ರ ಮಾತಾಡಿತು.
ಕಮ್ಮಿ ಇರುವುದು ಹಾಸಿಗೆಯಲ್ಲ;
ಇಸಿಜಿ ಮಹಡಿಯ ಮೇಲಿದೆ, ಬೀಗದೊಳಗೆ.
ಕೆಳಗೆ ತಂದರೆ ಕೆಂಪು ಚುಕ್ಕೆಗೆ ಹತ್ತೊಂಬತ್ತು ನಿಮಿಷ ಉಳಿಯುತ್ತದೆ.
ನಾಲ್ಕು ವರ್ಷದಿಂದ ಇದೇ ಮಾತು, ಇದೇ ಕೋಣೆಯಲ್ಲಿ,
ನಾನು ನಿಂತು ಹೇಳಿದ್ದೆ.
ಯಂತ್ರ ಮೇಜಿನ ಮೇಲೆ ಕೂತು ಹೇಳಿತು;
ಗುರುವಾರವೇ ಇಸಿಜಿ ಮೆಟ್ಟಿಲಿಳಿಯಿತು.
ಹಿತ್ತಲ ಗಿಡ ಮದ್ದಲ್ಲ,
ಗಿಡದ ನಕ್ಷೆ ಮದ್ದು.

ಇರಲಿ. ಅದಲ್ಲ ನಾನು ಹೇಳಹೊರಟದ್ದು.

ಪರದೆಯಲ್ಲಿ ಆಗಾಗ ಒಂದು ಚುಕ್ಕೆ ಬೂದಿಯಾಗಿ ಅಳಿಯುತ್ತಿತ್ತು.
ಇದೇನು? ಅಂದೆ.
ಕಾದು ಕಾದು ಎದ್ದು ಹೋದವರು, ಸಿಸ್ಟರ್.
ತಾಳ್ಮೆ ಅಂತ ಒಂದು ಸಂಖ್ಯೆ ಇದೆ, ಅದು ಮುಗಿದರೆ ಹೋಗಿಬಿಡ್ತಾರೆ.
ಎಲ್ಲಿಗೆ?
ಮಾದರಿಯ ಹೊರಗೆ.

ಹೊರಗೆ ಎಂದರೆ ನನಗೆ ಗೊತ್ತು.
ಗೇಟಿನ ಎಳನೀರು ಗಾಡಿ, ಅದರಾಚೆ ಬೇತಮಂಗಲದ ಬಸ್ಸು.
ಪಿಳ್ಳಮ್ಮ ದವಡೆ ಹಿಡಿದು ಬಂದಿದ್ದಳು,
ಹಲ್ಲು ನೋವು ಕಣಮ್ಮಾ, ಈ ಕಡೆ ತೋಳೂ ಅಂತ.
ಹಲ್ಲಿನವರು ನಾಳೆ ಬರ್ತಾರೆ, ಕೂತಿರಿ ಅಂದೆ.
ಅವಳು ಎದ್ದದ್ದು ನಾನು ನೋಡಿದೆ.
ನನ್ನ ಕೈಯಲ್ಲಿ ಸೂಜಿ, ಸೂಜಿ ಇನ್ನೊಬ್ಬರ ಕೈಯಲ್ಲಿ.
ಚೀಟಿ ಮಡಿಸಿ ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡು ಹೊರಟಳು.
ನಾಲ್ಕನೇ ದಿನ ಸೊಸೆ ಬಂದು, ಸುಣ್ಣ ಹತ್ತಿದ ಅದೇ ಚೀಟಿ ಹಿಡಿದು,
ಇದನ್ನ ವಾಪಸ್ ಕೊಡಬೇಕಾ ಅಂತ ಕೇಳಿದಳು.

ನಯಾಜ್‌ಗೆ ಹೇಳಿದೆ. ತುಸು ಹೊತ್ತು ಬಿಟ್ಟು,
ಎಷ್ಟು ಹೊತ್ತು ಕಾದಿದ್ದರು? ಅಂದ.
ಒಂದು ಗಂಟೆ ಐವತ್ತು.
ಬರೆದುಕೊಂಡ.
ಕಪಾಳಕ್ಕೆ ಬಿಡಬೇಕೆನಿಸಿತು.
ಆಮೇಲೆ ನೆನಪಾಯಿತು: ಅವತ್ತು ರಿಜಿಸ್ಟರಿನಲ್ಲಿ
ನಾನೂ ಅವಳನ್ನು ಬರೆದದ್ದು ಎಂಬತ್ನಾಲ್ಕು ಎಂದು.

ಈಗ ಇಸಿಜಿ ಬಾಗಿಲ ಪಕ್ಕದಲ್ಲೇ ಇದೆ.
ದವಡೆ ಹಿಡಿದು ಬಂದವರನ್ನೆಲ್ಲ ಮೊದಲು ಅಲ್ಲಿಗೇ ಮಲಗಿಸುತ್ತೇನೆ;
ಹತ್ತರಲ್ಲಿ ಒಂಬತ್ತು ಬರೀ ಹಲ್ಲು, ಡಾಕ್ಟರು ಗೊಣಗುತ್ತಾರೆ.
ಯಾರು ಎದ್ದು ನಿಂತರೂ ತಿರುಗಿ ನೋಡುತ್ತೇನೆ.
ಕೆಲವರು ನಲ್ಲಿಗೆ. ಕೆಲವರು ಫೋನಿಗೆ ಸಿಗ್ನಲ್ ಹುಡುಕಿ.

ಇದು ಸಾವಿರದ ಒಂದನೇ ಸೋಮವಾರ.
ಒಂಬತ್ತೂಮುಕ್ಕಾಲು. ಆಂಬುಲೆನ್ಸು ಹಿಮ್ಮುಖವಾಗಿ ಬರುತ್ತಿದೆ,
ಗಂಗುಲಪ್ಪ ಇನ್ನೂ ಬಂದಿಲ್ಲ.
ಏರಿಳಿತ ಎರಡಂತೆ, ಎರಡು!
ಸ್ಟ್ರೆಚರಿನ ಒಂದು ತುದಿ ನಾನೇ ಹಿಡಿಯುತ್ತೇನೆ.